ಸಣ್ಣ ಊರಿನ ಸುತ್ತಮುತ್ತ ನಕ್ಷತ್ರ ನೋಡಲು ಒಳ್ಳೆಯ ಜಾಗ ಹುಡುಕುವ ಬಗೆ

ಹಳ್ಳಿಗಾಡಿನ ಸಣ್ಣ ಊರಿನಲ್ಲಿದ್ದು ಆಕಾಶ ನೋಡುವ ಹುಚ್ಚು ಹತ್ತಿಸಿಕೊಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ತಾರಸಿ ಹತ್ತಿ, ಬೀದಿದೀಪಕ್ಕೆ ಕೈ ಅಡ್ಡ ಹಿಡಿದು, ನಾಲ್ಕು ನಕ್ಷತ್ರ ನೋಡಿ ಇಳಿಯುತ್ತಾರೆ. ಇಲ್ಲವೇ ನೂರಾರು ಕಿಲೋಮೀಟರ್ ಆಚೆಯ ಯಾವುದೋ ಬೆಟ್ಟಕ್ಕೆ ವರ್ಷಕ್ಕೊಮ್ಮೆ ಹೋಗುವ ಯೋಜನೆ ಹಾಕುತ್ತಾರೆ. ಹೋದ ದಿನವೇ ಮೋಡ ಮುಸುಕಿರುತ್ತದೆ. ಈ ಎರಡರ ನಡುವೆ, ಊರಾಚೆ ಐದರಿಂದ ಹದಿನೈದು ಕಿಲೋಮೀಟರ್ ಒಳಗೆ, ಬಹುತೇಕ ಊರುಗಳಿಗೆ ಒಂದಾದರೂ ಒಳ್ಳೆಯ ಜಾಗ ಇರುತ್ತದೆ. ಹುಡುಕಿದವರು ಕಡಿಮೆ, ಅಷ್ಟೇ.

ಹುಡುಕಲು ಹೊರಡುವ ಮೊದಲು ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳಬೇಕು. "ಅತಿ ಕತ್ತಲೆಯ ಜಾಗ ಎಲ್ಲಿದೆ?" ಎಂದು ಕೇಳಿದರೆ ಉತ್ತರ ಯಾವಾಗಲೂ ದೂರದಲ್ಲೇ ಇರುತ್ತದೆ. "ನನಗೆ ಬೇಕಾದ ದಿಕ್ಕಿನಲ್ಲಿ ಕತ್ತಲೆ ಇರುವ, ವಾರದ ಮಧ್ಯೆಯೂ ಊಟ ಮುಗಿಸಿ ಹೋಗಿ ಬರಬಹುದಾದ ಜಾಗ ಯಾವುದು?" ಎಂದು ಕೇಳಿ ನೋಡಿ. ಆಕಾಶದ ಎಲ್ಲ ಮೂಲೆಯೂ ಒಂದೇ ಸಮ ಕಪ್ಪಾಗಿರಬೇಕಿಲ್ಲ. ಅರ್ಧ ಆಕಾಶ ಚೆನ್ನಾಗಿದ್ದರೂ ಸಾಕು, ಅದು ಸರಿಯಾದ ಅರ್ಧವಾಗಿರಬೇಕು.

1. ಏನು ನೋಡಬೇಕೆಂದು ಮೊದಲು ತೀರ್ಮಾನಿಸಿ

ಚಂದ್ರ, ಗುರು, ಶನಿ, ಶುಕ್ರ ಇಷ್ಟೇ ಸಾಕೆಂದರೆ ಈ ಮಾರ್ಗದರ್ಶಿಯ ಬಹುಪಾಲು ನಿಮಗೆ ಬೇಕಾಗಿಲ್ಲ. ಗ್ರಹಗಳು ಬೀದಿದೀಪವನ್ನು ಲೆಕ್ಕಿಸುವುದಿಲ್ಲ. ಅವಕ್ಕೆ ಬೇಕಾದದ್ದು ಅಲುಗಾಡದ ಗಾಳಿ. ಹಗಲೆಲ್ಲ ಕಾದ ಕಾಂಕ್ರೀಟ್ ಚಾವಣಿಯ ಮೇಲಿಂದ ಟೆಲಿಸ್ಕೋಪ್ ಹಾಯಿಸಬೇಡಿ, ಹುಲ್ಲು ನೆಲದ ಮೇಲೆ ಇಡಿ, ಮುಗಿಯಿತು.

ಕ್ಷೀರಪಥ, ನೀಹಾರಿಕೆ, ದೂರದ ಗ್ಯಾಲಕ್ಸಿ, ಉಲ್ಕಾಪಾತ ಇವುಗಳಿಗೆ ಕತ್ತಲೆ ಬೇಕು. ಅದರಲ್ಲೂ ಯಾವ ದಿಕ್ಕಿನ ಕತ್ತಲೆ ಎಂಬುದು ನಿಮ್ಮ ಅಕ್ಷಾಂಶದ ಮೇಲೆ ನಿಂತಿದೆ. ಕ್ಷೀರಪಥದ ದಟ್ಟವಾದ ನಡುಭಾಗ ಧನು ರಾಶಿಯಲ್ಲಿದೆ, ಖಗೋಳ ವಿಷುವದ್ವೃತ್ತದಿಂದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದುಕೊಳ್ಳುವ ಗೆರೆ) ಸುಮಾರು 29 ಡಿಗ್ರಿ ದಕ್ಷಿಣಕ್ಕೆ. ಉತ್ತರ ಗೋಳಾರ್ಧದಲ್ಲಿರುವವರು 90ರಿಂದ ತಮ್ಮ ಅಕ್ಷಾಂಶವನ್ನೂ 29ನ್ನೂ ಕಳೆದರೆ ಅದು ದಿಗಂತದಿಂದ ಅತಿ ಹೆಚ್ಚೆಂದರೆ ಎಷ್ಟು ಮೇಲೇರುತ್ತದೆ ಎಂಬುದು ಸಿಗುತ್ತದೆ. 15 ಡಿಗ್ರಿ ಅಕ್ಷಾಂಶದವರಿಗೆ ಅದು 46 ಡಿಗ್ರಿ, ಅಂದರೆ ಅರ್ಧ ಆಕಾಶದ ಎತ್ತರ. 50 ಡಿಗ್ರಿಯವರಿಗೆ ಬರೀ 11 ಡಿಗ್ರಿ. ದಕ್ಷಿಣದಲ್ಲಿ ಒಂದು ಮರದ ಸಾಲು ಇದ್ದರೂ ಮುಚ್ಚಿಹೋಗುತ್ತದೆ. ದಕ್ಷಿಣ ಗೋಳಾರ್ಧದ 30 ಡಿಗ್ರಿಯ ಆಸುಪಾಸಿನಲ್ಲಿ ಅದೇ ಭಾಗ ನೆತ್ತಿಯ ಮೇಲೆ ಹಾದುಹೋಗುತ್ತದೆ. ಅಲ್ಲಿಯವರು ದಿಗಂತದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಉಲ್ಕಾಪಾತಕ್ಕೆ ಬೇಕಾಗುವ ಜಾಗವೇ ಬೇರೆ. ಉಲ್ಕೆ ಎಲ್ಲಿಂದ ಬೇಕಾದರೂ ಹಾಯಬಹುದಾದ್ದರಿಂದ ನೆತ್ತಿಯ ಸುತ್ತ ಅಗಲವಾಗಿ ತೆರೆದ ಆಕಾಶ, ಬೆನ್ನಿಗೊಂದು ಚಾಪೆ, ಇಷ್ಟು ಮುಖ್ಯ. ದಿಗಂತದ ಅಂಚು ಮುಚ್ಚಿದ್ದರೂ ನಷ್ಟವಿಲ್ಲ.

2. ಎಷ್ಟು ದೂರ ಹೋಗಬೇಕು: ಒಂದು ಲೆಕ್ಕ

ಅಮೆರಿಕದ ಖಗೋಳಶಾಸ್ತ್ರಜ್ಞ ಮರ್ಲ್ ವಾಕರ್ ಕ್ಯಾಲಿಫೋರ್ನಿಯಾದ ಊರುಗಳ ಬೆಳಕನ್ನು ಅಳೆದು 1977ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಊರಿನ ಜನಸಂಖ್ಯೆಯನ್ನು 0.01ರಿಂದ ಗುಣಿಸಿ, ಕಿಲೋಮೀಟರಿನಲ್ಲಿರುವ ದೂರದ 2.5ನೇ ಘಾತದಿಂದ ಭಾಗಿಸಿ. ಊರಿನ ಕಡೆ ಮುಖ ಮಾಡಿ, ದಿಗಂತಕ್ಕೂ ನೆತ್ತಿಗೂ ನಟ್ಟನಡುವೆ ನೋಡಿದಾಗ ಆಕಾಶದ ಸಹಜ ಬೆಳಕಿಗೆ ಊರು ಎಷ್ಟು ಪಾಲು ಸೇರಿಸುತ್ತದೆ ಎಂಬುದು ಬರುತ್ತದೆ. 2.5ನೇ ಘಾತ ಎಂದರೆ ಹೆದರಬೇಡಿ. ದೂರ ಇಂಟು ದೂರ ಇಂಟು ದೂರದ ವರ್ಗಮೂಲ, ಅಷ್ಟೇ.

ಒಂದು ಊರಿನಲ್ಲಿ 8,000 ಜನ ಇದ್ದಾರೆ ಎಂದುಕೊಳ್ಳೋಣ. 0.01ರಿಂದ ಗುಣಿಸಿದರೆ 80. ಐದು ಕಿಲೋಮೀಟರ್ ಆಚೆ ನಿಂತರೆ 5 × 5 × 2.24, ಸುಮಾರು 56. 80ನ್ನು 56ರಿಂದ ಭಾಗಿಸಿದರೆ 1.43. ಅಂದರೆ ಸಹಜ ಕತ್ತಲೆಯ ಆಕಾಶಕ್ಕಿಂತ ಅಲ್ಲಿಯ ಆಕಾಶ ಹೆಚ್ಚುಕಡಿಮೆ ಎರಡೂವರೆ ಪಟ್ಟು ಬೆಳ್ಳಗಿರುತ್ತದೆ. ಹತ್ತು ಕಿಲೋಮೀಟರಿಗೆ ಹೋದರೆ 10 × 10 × 3.16, ಅಂದರೆ 316. ಈಗ ಸಿಗುವುದು 0.25, ಕಾಲು ಪಾಲು. ದೂರ ಎರಡರಷ್ಟಾದರೆ ಊರಿನ ಬೆಳಕು ಐದರಲ್ಲೊಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ.

ಊರಿನ ಪಾಲು ನೂರಕ್ಕೆ ಹತ್ತಕ್ಕೆ ಇಳಿಯುವ ದೂರವನ್ನೇ ಗುರಿ ಎಂದಿಟ್ಟುಕೊಂಡರೆ, 5,000 ಜನರ ಊರಿಗೆ ಅದು 12 ಕಿಲೋಮೀಟರ್, 20,000ಕ್ಕೆ 21, ಒಂದು ಲಕ್ಷಕ್ಕೆ 40, ಹತ್ತು ಲಕ್ಷದ ನಗರಕ್ಕೆ 100 ಕಿಲೋಮೀಟರ್. ಇಲ್ಲಿಯೇ ಮುಖ್ಯ ಸಂಗತಿ ಅಡಗಿದೆ. ಹತ್ತು ಲಕ್ಷ ಜನರ ನಗರವೊಂದು 60 ಕಿಲೋಮೀಟರ್ ದೂರದಲ್ಲಿದ್ದರೆ ಅದು ಸೇರಿಸುವ ಬೆಳಕು ನೂರಕ್ಕೆ 36 ಭಾಗ. ಹತ್ತು ಕಿಲೋಮೀಟರ್ ಹತ್ತಿರದ ನಿಮ್ಮ 8,000 ಜನರ ಊರಿಗಿಂತ ಅದರ ಕಾಟವೇ ಹೆಚ್ಚು! ಎಷ್ಟೋ ಮಂದಿ ತಮ್ಮ ಊರಿನಿಂದ ದೂರ ಹೋಗುವ ಭರದಲ್ಲಿ ದೊಡ್ಡ ನಗರದ ಕಡೆಗೇ ಹತ್ತು ಕಿಲೋಮೀಟರ್ ನಡೆದಿರುತ್ತಾರೆ.

ಆದ್ದರಿಂದ ನನ್ನ ಸಲಹೆ ಇದು: ಬೆಳಕುಗಳನ್ನು ಒಂದೇ ದಿಕ್ಕಿಗೆ ಒಟ್ಟು ಮಾಡಿ. ನಗರ ಊರಿನ ಉತ್ತರಕ್ಕಿದ್ದರೆ ನೀವು ಊರಿನ ದಕ್ಷಿಣಕ್ಕೆ ಹೋಗಿ. ಆಗ ನಗರವೂ ಊರೂ ಎರಡೂ ಬೆನ್ನ ಹಿಂದೆ ಒಂದರ ಮೇಲೊಂದು ಬೀಳುತ್ತವೆ, ಮುಂದಿನ ಆಕಾಶ ಖಾಲಿ ಉಳಿಯುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ಹೋದರೆ ಅಷ್ಟೇ ದೂರದಲ್ಲಿ ಎರಡು ದಿಕ್ಕುಗಳು ಕೆಡುತ್ತವೆ. ಉತ್ತರ ಗೋಳಾರ್ಧದಲ್ಲಿ ಧನು, ವೃಶ್ಚಿಕಗಳೆಲ್ಲ ದಕ್ಷಿಣಕ್ಕೇ ಇರುವುದರಿಂದ, ಬೇರೇನೂ ತಿಳಿಯದಿದ್ದಾಗ ಊರಿನ ದಕ್ಷಿಣದಿಂದ ಹುಡುಕಲು ಶುರು ಮಾಡುವುದು ಜಾಣತನ.

ಸೂತ್ರ ಹಳೆಯದು, ಅಂದಾಜಿನದು ಎಂಬುದು ನೆನಪಿರಲಿ. ಊರಾಚೆಯ ಕಾರ್ಖಾನೆ, ರಾತ್ರಿಯೆಲ್ಲ ಉರಿಯುವ ಆಟದ ಮೈದಾನದ ದೀಪ, ಹೆದ್ದಾರಿಯ ಜಂಕ್ಷನ್ ಇವು ಜನಸಂಖ್ಯೆಯ ಲೆಕ್ಕಕ್ಕೆ ಸಿಗುವುದಿಲ್ಲ.

3. ನಕ್ಷೆಯನ್ನು ನೋಡಿ, ಆದರೆ ನಂಬಿ ಕೂರಬೇಡಿ

ಬೆಳಕಿನ ಮಾಲಿನ್ಯದ ನಕ್ಷೆಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಎರಡು ಬಗೆ ಇದೆ, ಎರಡನ್ನೂ ಕಲಸಿಕೊಂಡರೆ ದಾರಿ ತಪ್ಪುತ್ತದೆ. ಒಂದು ಬಗೆ, ನೆಲದಿಂದ ಮೇಲಕ್ಕೆ ಹೋಗುವ ಬೆಳಕನ್ನು ಉಪಗ್ರಹ ಕಂಡಂತೆ ತೋರಿಸುವುದು. ಇದರಲ್ಲಿ ಸಾಮಾನ್ಯವಾಗಿ ವಿಐಐಆರ್‌ಎಸ್ ಎಂಬ ಉಪಕರಣದ ಮಾಹಿತಿ ಇರುತ್ತದೆ. ಇನ್ನೊಂದು, ಆ ಬೆಳಕು ಗಾಳಿಯಲ್ಲಿ ಚದುರಿದ ಮೇಲೆ ನೆತ್ತಿಯ ಆಕಾಶ ಎಷ್ಟು ಬೆಳ್ಳಗಾಗುತ್ತದೆ ಎಂದು ಲೆಕ್ಕ ಹಾಕಿ ಬಣ್ಣ ಬಳಿದದ್ದು. ಫಾಬಿಯೊ ಫಾಲ್ಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಜಾಗತಿಕ ಅಟ್ಲಾಸ್ ಈ ಎರಡನೇ ಬಗೆಯದು. ಭೂಮಿಯ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಜನರಿಗೆ ಕ್ಷೀರಪಥ ಕಾಣುವುದಿಲ್ಲ ಎಂಬ ಮಾತು ಬಂದದ್ದು ಅಲ್ಲಿಂದಲೇ. ಮೊದಲನೆಯ ಬಗೆಯಲ್ಲಿ ಕಪ್ಪಗಿರುವ ಚುಕ್ಕೆ ಎಂದರೆ "ಇಲ್ಲಿ ದೀಪವಿಲ್ಲ" ಎಂದಷ್ಟೇ ಅರ್ಥ. ಪಕ್ಕದಲ್ಲೇ ನಗರವಿದ್ದರೆ ಆ ಕಪ್ಪು ಚುಕ್ಕೆಯ ಮೇಲಿನ ಆಕಾಶ ಬೆಳ್ಳಗೇ ಇರುತ್ತದೆ. ಜಾಗ ಆರಿಸಲು ಎರಡನೇ ಬಗೆಯನ್ನು ನೋಡಿ, ದೀಪಗಳು ಎಲ್ಲೆಲ್ಲಿವೆ ಎಂದು ತಿಳಿಯಲು ಮೊದಲನೆಯದನ್ನು.

ಇನ್ನೆರಡು ಕುಂದುಗಳಿವೆ. ವಿಐಐಆರ್‌ಎಸ್‌ಗೆ 500 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ನೀಲಿ ಬೆಳಕು ಕಾಣುವುದಿಲ್ಲ. ಬಿಳಿ ಎಲ್‌ಇಡಿ ದೀಪದಲ್ಲಿ ಅಂಥ ನೀಲಿ ಸಾಕಷ್ಟಿರುತ್ತದೆ, ಗಾಳಿಯಲ್ಲಿ ಹೆಚ್ಚು ಚದುರುವುದೂ ನೀಲಿಯೇ. ಹಳೆಯ ಹಳದಿ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದ ಊರು ನಕ್ಷೆಯಲ್ಲಿ ಮಂದವಾದಂತೆ ಕಾಣಬಹುದು, ಕಣ್ಣಿಗೆ ಹಾಗೆ ಕಾಣುವುದಿಲ್ಲ. ಜೊತೆಗೆ ಈ ಉಪಗ್ರಹ ಹಾದುಹೋಗುವುದು ನಡುರಾತ್ರಿ ಕಳೆದ ಮೇಲೆ, ಸುಮಾರು ಒಂದೂವರೆ ಗಂಟೆಯ ಹೊತ್ತಿಗೆ. ರಾತ್ರಿ ಹತ್ತರವರೆಗೆ ಉರಿದು ಆರುವ ದೀಪಗಳ ಲೆಕ್ಕ ಅದಕ್ಕೆ ಸಿಗುವುದಿಲ್ಲ.

ನಕ್ಷೆಗಳು ಬಾರ್ಟಲ್ ಅಂಕಿಯನ್ನೂ ಕೊಡುತ್ತವೆ. ಹವ್ಯಾಸಿ ವೀಕ್ಷಕ ಜಾನ್ ಬಾರ್ಟಲ್ 2001ರಲ್ಲಿ ರೂಪಿಸಿದ ಒಂಬತ್ತು ದರ್ಜೆಗಳ ಮಾಪಕ ಇದು. 1 ಅಂದರೆ ಅಪ್ಪಟ ಕತ್ತಲೆ, 9 ಅಂದರೆ ಮಹಾನಗರದ ನಡುಬೀದಿ. ಸಣ್ಣ ಊರಿನ ಹೊರವಲಯದಲ್ಲಿ 4 ಸಿಕ್ಕರೆ ಒಳ್ಳೆಯ ಜಾಗ, 3 ಸಿಕ್ಕರೆ ಅದೃಷ್ಟ. ನಕ್ಷೆಯಲ್ಲಿ ಮೂರು ನಾಲ್ಕು ಜಾಗಗಳನ್ನು ಗುರುತು ಹಾಕಿಕೊಳ್ಳಿ.

4. ಮೋಡ ಮುಸುಕಿದ ರಾತ್ರಿಯನ್ನು ಬಳಸಿಕೊಳ್ಳಿ

ನಕ್ಷತ್ರ ನೋಡುವವರು ಶಪಿಸುವ ಮೋಡ ಜಾಗ ಹುಡುಕುವವರಿಗೆ ಬಲು ಉಪಕಾರಿ. ಮೋಡ ತೆಳುವಾಗಿ ಇಡೀ ಆಕಾಶ ಮುಚ್ಚಿದ ರಾತ್ರಿ, ಚಂದ್ರ ಇಲ್ಲದ ಹೊತ್ತಿನಲ್ಲಿ, ಊರಾಚೆಯ ದಿಣ್ಣೆಯೊಂದರ ಮೇಲೆ ನಿಂತು ಸುತ್ತ ತಿರುಗಿ ನೋಡಿ. ಕೆಳಗೆ ದೀಪಗಳಿರುವ ಕಡೆ ಮೋಡದ ಹೊಟ್ಟೆ ಬೂದುಗೆಂಪಾಗಿಯೋ ಹಾಲುಬಿಳಿಯಾಗಿಯೋ ಬೆಳಗಿರುತ್ತದೆ. ಕಣ್ಣಳತೆಗೆ ಸಿಗದ ಊರು ಕೂಡ ಅಲ್ಲಿ ಸಿಕ್ಕಿಬೀಳುತ್ತದೆ. ಫೋನಿನ ದಿಕ್ಸೂಚಿ ಹಿಡಿದು ಯಾವ ಡಿಗ್ರಿಯಲ್ಲಿ ಎಷ್ಟು ಎತ್ತರದವರೆಗೆ ಬೆಳಕಿದೆ ಎಂದು ಬರೆದುಕೊಳ್ಳಿ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಅಳತೆಗೆ ಇಷ್ಟು ಸಾಕು.

ನೆತ್ತಿಯ ಮೇಲಿನ ಮೋಡ ಹೇಗಿದೆ ಎಂಬುದನ್ನೂ ನೋಡಿ. ನಿಜವಾಗಿ ಕತ್ತಲೆಯಿರುವ ಜಾಗದಲ್ಲಿ ಮೋಡ ಆಕಾಶಕ್ಕಿಂತ ಕಪ್ಪಾಗಿ ಕಾಣುತ್ತದೆ, ಚದುರಿದ ಮೋಡವಾದರೆ ನಕ್ಷತ್ರಗಳ ನಡುವೆ ತೂತು ಬಿದ್ದಂತೆ. ಮೋಡವೇ ಹೊಳೆಯುತ್ತಿದ್ದರೆ ಆ ಜಾಗವನ್ನು ಪಟ್ಟಿಯಿಂದ ಹೊಡೆದುಹಾಕಬಹುದು.

5. ಹಗಲಿನಲ್ಲಿ ಹೋಗಿ ನೆಲ ನೋಡಿ ಬನ್ನಿ

ಈ ಹೆಜ್ಜೆಯನ್ನು ಹಾರಿಸುವವರೇ ಹೆಚ್ಚು. ರಾತ್ರಿ ಮೊದಲ ಬಾರಿಗೆ ಹೊಸ ಜಾಗಕ್ಕೆ ಹೋಗಬಾರದು, ಇದರಲ್ಲಿ ರಾಜಿ ಬೇಡ. ಗುಂಡಿ, ಮುಳ್ಳುತಂತಿ, ಬಾಯಿ ತೆರೆದ ಬಾವಿ, ಕೆಸರಿನಲ್ಲಿ ಚಕ್ರ ಹೂಳುವ ದಾರಿ, ಕಟ್ಟದೆ ಬಿಟ್ಟ ನಾಯಿ, ಇವೆಲ್ಲ ಹಗಲಲ್ಲೇ ಗೊತ್ತಾಗಬೇಕು.

ಬೆಟ್ಟದ ತುದಿ ಒಳ್ಳೆಯದು ಎಂಬ ನಂಬಿಕೆ ಗಟ್ಟಿಯಾಗಿದೆ, ನನಗೆ ಅದರಲ್ಲಿ ಅರ್ಧ ನಂಬಿಕೆ. ತುದಿಯಲ್ಲಿ ದಿಗಂತ ಪೂರ್ತಿ ತೆರೆದಿರುತ್ತದೆ, ಕೆಳಗಿನ ಮಂಜು, ಧೂಳು ತಟ್ಟುವುದಿಲ್ಲ, ನಿಜ. ಆದರೆ ಸುತ್ತಲಿನ ಪ್ರತಿ ದೀಪವೂ ನೇರವಾಗಿ ಕಣ್ಣಿಗೆ ಹೊಡೆಯುತ್ತದೆ, ಗಾಳಿಗೆ ಟ್ರೈಪಾಡ್ ನಡುಗುತ್ತದೆ. ಹೆಸರಾದ ತಾಣವಾದರೆ ಸಂಜೆಯ ಮೇಲೂ ಗಾಡಿಗಳು ಹೆಡ್‌ಲೈಟ್ ಹಾಕಿಕೊಂಡು ಬರುತ್ತಲೇ ಇರುತ್ತವೆ. ತಗ್ಗಿನಲ್ಲಿ ದೀಪಗಳ ಕಾಟವಿಲ್ಲ, ಆದರೆ ರಾತ್ರಿಯ ತಣ್ಣನೆಯ ಗಾಳಿ ಇಳಿದು ಅಲ್ಲೇ ನಿಲ್ಲುವುದರಿಂದ ಇಬ್ಬನಿಯೂ ಮಂಜೂ ಬೇಗ ಕವಿಯುತ್ತವೆ. ದೊಡ್ಡ ಕೆರೆಯ ಅಂಚಿಗೂ ಇದೇ ಮಾತು. ದಿಗಂತ ಸೊಗಸಾಗಿ ತೆರೆದಿರುತ್ತದೆ, ನಡುರಾತ್ರಿಯ ಹೊತ್ತಿಗೆ ಬೈನಾಕ್ಯುಲರಿನ ಗಾಜು ತೊಯ್ದಿರುತ್ತದೆ.

ನಾನು ಮೊದಲು ಹುಡುಕುವುದು ಊರಿಗೆ ಬೆನ್ನು ಮಾಡಿರುವ ಇಳಿಜಾರನ್ನು. ದಿಣ್ಣೆಯ ನೆತ್ತಿಯಿಂದ ಸ್ವಲ್ಪ ಕೆಳಗೆ, ಆಚೆ ಮಗ್ಗುಲಿನಲ್ಲಿ, ಮಟ್ಟಸವಾದ ಒಂದು ತುಂಡು ನೆಲ. ದಿಣ್ಣೆಯೇ ಊರಿನ ದೀಪಗಳಿಗೆ ಗೋಡೆಯಾಗುತ್ತದೆ, ಎದುರಿನ ಆಕಾಶ ಪೂರ್ತಿ ಸಿಗುತ್ತದೆ, ತಣ್ಣನೆಯ ಗಾಳಿ ಕೆಳಕ್ಕೆ ಜಾರಿ ಹೋಗುವುದರಿಂದ ಇಬ್ಬನಿಯೂ ಕಡಿಮೆ. ಅಂಥದ್ದು ಸಿಗದ ಬಯಲುಸೀಮೆಯಾದರೆ ಒತ್ತಾಗಿ ಬೆಳೆದ ಮರಗಳ ಸಾಲೊಂದನ್ನು ಊರಿನ ಕಡೆ ಇಟ್ಟುಕೊಂಡರೂ ಆಗುತ್ತದೆ.

ಇನ್ನು ದೀಪದ ಕಂಬಗಳು. ಸಣ್ಣ ಊರಿನ ಆಸುಪಾಸಿನಲ್ಲಿ ಜಾಗ ಕೆಡುವುದು ಹೆಚ್ಚಾಗಿ ಒಂಟಿ ದೀಪದಿಂದ. ಇನ್ನೂರು ಮೀಟರ್ ಆಚೆಯ ಒಂದೇ ಒಂದು ಬಿಳಿ ದೀಪ ಆಕಾಶವನ್ನು ಅಷ್ಟೇನೂ ಬೆಳಗದಿರಬಹುದು, ಆದರೆ ಅದು ಕಣ್ಣಿನ ಅಂಚಿನಲ್ಲಿ ಇರುವಷ್ಟು ಹೊತ್ತು ಕಣ್ಣು ಕತ್ತಲಿಗೆ ಒಗ್ಗುವುದಿಲ್ಲ. ಯಾವ ನಕ್ಷೆಯೂ ಅದನ್ನು ತೋರಿಸುವುದಿಲ್ಲ. ಹಗಲಿನಲ್ಲಿ ಸುತ್ತ ಕಣ್ಣಾಡಿಸಿ ಕಂಬ, ಸೋಲಾರ್ ದೀಪ, ತೋಟದ ಮನೆಯ ಅಂಗಳದ ಬಲ್ಬು, ಗೋದಾಮಿನ ಫ್ಲಡ್‌ಲೈಟ್ ಎಲ್ಲೆಲ್ಲಿವೆ ನೋಡಿ. ಯಾರಾದರೂ ಹಾದುಹೋದರೆ ತಾನೇ ಹೊತ್ತಿಕೊಳ್ಳುವ ಸೆನ್ಸರ್ ದೀಪಗಳು ಹಗಲಲ್ಲಿ ಪೆಟ್ಟಿಗೆಯಂತೆ ತಣ್ಣಗೆ ಕೂತಿರುತ್ತವೆ. ಅವನ್ನು ವಿಶೇಷವಾಗಿ ಗಮನಿಸಿ. ರಸ್ತೆಯ ತಿರುವೂ ಮುಖ್ಯ. ತಿರುವಿನ ಹೊರಮಗ್ಗುಲಿನಲ್ಲಿ ನಿಂತರೆ ಬರುವ ಪ್ರತಿ ಗಾಡಿಯ ಬೆಳಕೂ ನಿಮ್ಮ ಮುಖದ ಮೇಲೆ ಒಮ್ಮೆ ಸವರಿಕೊಂಡೇ ಹೋಗುತ್ತದೆ. ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ಒಂದು ಪೊದೆಯನ್ನೋ ಗೋಡೆಯನ್ನೋ ಮರೆ ಮಾಡಿಕೊಂಡರೆ ಎಷ್ಟೋ ಸಲ ಜಾಗವೇ ಬೇರೆಯಾಗುತ್ತದೆ.

ಜಮೀನು ಯಾರದ್ದೆಂದು ಕೇಳಿ, ಅವರನ್ನೇ ಹೋಗಿ ಮಾತಾಡಿಸಿ. "ರಾತ್ರಿ ನಕ್ಷತ್ರ ನೋಡಲು ಬರುತ್ತೇವೆ, ಹನ್ನೊಂದರ ಹೊತ್ತಿಗೆ ಹೊರಡುತ್ತೇವೆ, ಬೆಂಕಿ ಹಾಕುವುದಿಲ್ಲ, ಬೆಳೆ ತುಳಿಯುವುದಿಲ್ಲ" ಎಂದು ನೇರವಾಗಿ ಹೇಳಿದರೆ ಬಹಳಷ್ಟು ಮಂದಿ ಒಪ್ಪುತ್ತಾರೆ, ಕೆಲವರು ಜೊತೆಗೇ ಬಂದು ನಿಲ್ಲುತ್ತಾರೆ. ಹೀಗೆ ಪರಿಚಯವಾದವರೇ ಮುಂದೆ ತಮ್ಮ ಅಂಗಳದ ದೀಪ ಆರಿಸಿಕೊಡುವುದು. ಅರಣ್ಯ ಪ್ರದೇಶ, ಅಣೆಕಟ್ಟೆಯ ಆವರಣ ಮೊದಲಾದ ಕಡೆ ಕತ್ತಲಾದ ಮೇಲೆ ಪ್ರವೇಶ ಇದೆಯೇ ಎಂದು ಮೊದಲೇ ವಿಚಾರಿಸಿ. ಇಲ್ಲ ಎಂದಾದರೆ ಆಸೆ ಬಿಡಿ.

ಕೊನೆಗೆ, ಗಾಡಿ ತಿರುಗಿಸಲು ಜಾಗವಿದೆಯೇ, ಫೋನಿಗೆ ಸಿಗ್ನಲ್ ಬರುತ್ತದೆಯೇ, ಮುಖ್ಯ ರಸ್ತೆಗೆ ಹಿಂದಿರುಗಲು ಒಂದಕ್ಕಿಂತ ಹೆಚ್ಚು ದಾರಿ ಇದೆಯೇ ಎಂದು ನೋಡಿಕೊಳ್ಳಿ.

6. ರಾತ್ರಿಯನ್ನು ಆರಿಸುವುದು

ಎಂಥ ಒಳ್ಳೆಯ ಜಾಗವನ್ನೂ ಹುಣ್ಣಿಮೆ ಕೆಡಿಸುತ್ತದೆ. ತುಂಬಿದ ಚಂದ್ರ ಅರ್ಧ ಚಂದ್ರನ ಎರಡು ಪಟ್ಟಲ್ಲ, ಸುಮಾರು ಹತ್ತು ಪಟ್ಟು ಬೆಳಗುತ್ತಾನೆ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಕೃಷ್ಣಪಕ್ಷದ ಅಷ್ಟಮಿಯ ಹೊತ್ತಿಗೆ ಹುಟ್ಟುವುದೇ ನಡುರಾತ್ರಿಗೆ. ಆದ್ದರಿಂದ ಸಂಜೆಯ ವೀಕ್ಷಣೆಗೆ ಕೃಷ್ಣಪಕ್ಷದ ಪಂಚಮಿ, ಷಷ್ಠಿಯಿಂದ ಅಮಾವಾಸ್ಯೆ ಕಳೆದು ಶುಕ್ಲಪಕ್ಷದ ತದಿಗೆ, ಚೌತಿಯವರೆಗೆ ಅವಕಾಶವಿದೆ. ಬೆಳಗಿನ ಜಾವ ಏಳಬಲ್ಲವರಿಗೆ ಶುಕ್ಲಪಕ್ಷದ ದಿನಗಳೂ ಸಿಗುತ್ತವೆ, ಅಷ್ಟಮಿಯ ಚಂದ್ರ ನಡುರಾತ್ರಿಗೆ ಮುಳುಗಿರುತ್ತಾನೆ. ತಿಂಗಳಲ್ಲಿ ಅಮಾವಾಸ್ಯೆಯೊಂದೇ ರಾತ್ರಿ ಎಂದುಕೊಂಡು ಕಾಯಬೇಕಾದ್ದಿಲ್ಲ.

ಸೂರ್ಯ ಮುಳುಗಿದ ತಕ್ಷಣ ಕತ್ತಲಾಗುವುದಿಲ್ಲ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದ ಮೇಲೆ ಮಾತ್ರ ಆಕಾಶ ಪೂರ್ತಿ ಕಪ್ಪಾಗುತ್ತದೆ. ಭೂಮಧ್ಯರೇಖೆಯ ಹತ್ತಿರ ಇದಕ್ಕೆ ಒಂದೂಕಾಲು ಗಂಟೆ ಸಾಕು. ಧ್ರುವದ ಕಡೆ ಹೋದಂತೆ ಸಮಯ ಹಿಗ್ಗುತ್ತದೆ, ಸುಮಾರು 48.5 ಡಿಗ್ರಿ ಅಕ್ಷಾಂಶದಿಂದಾಚೆ ನಡುಬೇಸಿಗೆಯಲ್ಲಿ ಪೂರ್ತಿ ಕತ್ತಲೆ ಆಗುವುದೇ ಇಲ್ಲ. ಕ್ಷೀರಪಥದ ನಡುಭಾಗ ನೋಡಬೇಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸಂಜೆಗಳು, ಇಲ್ಲವೇ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬೆಳಗಿನ ಜಾವಗಳು. ಡಿಸೆಂಬರಿನಲ್ಲಿ ಸೂರ್ಯನೇ ಆ ದಿಕ್ಕಿನಲ್ಲಿರುತ್ತಾನೆ.

ಗಾಳಿ ತಿಳಿಯಾಗಿದೆಯೇ ಎಂದು ಹಗಲಿನಲ್ಲೇ ಪರೀಕ್ಷಿಸಬಹುದು. ಕಟ್ಟಡದ ಮೂಲೆಯ ನೆರಳಿನಲ್ಲಿ ನಿಂತು ಸೂರ್ಯ ಪೂರ್ತಿ ಮರೆಯಾಗುವಂತೆ ನೋಡಿಕೊಳ್ಳಿ, ಬರಿಗಣ್ಣಿನಿಂದ ಸೂರ್ಯನನ್ನು ನೋಡಲೇಬೇಡಿ. ಸೂರ್ಯನ ಸುತ್ತಲ ಆಕಾಶ ಅಂಚಿನವರೆಗೂ ನೀಲಿಯಾಗಿದ್ದರೆ ಆ ರಾತ್ರಿ ಹೊರಡಿ. ಸುತ್ತ ಅಗಲವಾಗಿ ಹಾಲು ಚೆಲ್ಲಿದಂತಿದ್ದರೆ ಗಾಳಿಯಲ್ಲಿ ತೇವವೋ ಹೊಗೆಯೋ ಧೂಳೋ ತುಂಬಿದೆ. ಅಂಥ ರಾತ್ರಿ ದೂರದ ಊರುಗಳ ಬೆಳಕೂ ಹೆಚ್ಚು ಹರಡುತ್ತದೆ. ಒಳ್ಳೆಯ ಮಳೆ ಬಂದು ಹೋದ ಮರುದಿನದ ರಾತ್ರಿ ಸಾಮಾನ್ಯವಾಗಿ ಚೊಕ್ಕಟ. ಹವಾಮಾನದ ಆ್ಯಪಿನಲ್ಲಿ ಇಬ್ಬನಿ ಬಿಂದು ಎಂಬ ಅಂಕಿ ಇರುತ್ತದೆ, ಗಾಳಿಯ ತೇವ ಇಬ್ಬನಿಯಾಗತೊಡಗುವ ಉಷ್ಣಾಂಶ ಅದು. ರಾತ್ರಿಯ ಉಷ್ಣಾಂಶ ಅದಕ್ಕೆ ಹತ್ತಿರ ಬರುವಂತಿದ್ದರೆ ತಗ್ಗಿನ ಜಾಗ ಬಿಟ್ಟು ಎತ್ತರದ್ದನ್ನು ಆರಿಸಿ.

7. ಮೊದಲ ರಾತ್ರಿ ಪರೀಕ್ಷೆಗೆ ಮಾತ್ರ

ಮೊದಲ ಸಲ ಟೆಲಿಸ್ಕೋಪ್, ಕ್ಯಾಮೆರಾ ಯಾವುದೂ ಬೇಡ. ಜೊತೆಗೊಬ್ಬರು, ಒಂದು ಕೆಂಪು ಟಾರ್ಚು, ಒಂದು ನೋಟ್‌ಬುಕ್, ಒಂದು ಬಿಳಿ ಹಾಳೆ ಸಾಕು. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ. ಅಂದುಕೊಂಡದ್ದಕ್ಕಿಂತ ಒಂದು ಬಟ್ಟೆ ಹೆಚ್ಚೇ ಇರಲಿ. ಅಲ್ಲಾಡದೆ ಕೂತವರಿಗೆ ಚಳಿ ಬೇಗ ಹತ್ತುತ್ತದೆ.

ಗಾಡಿಯನ್ನು ಬೆಳಕಿರುವಾಗಲೇ, ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ. ಹಿಂದಕ್ಕೆ ತೆಗೆಯಬೇಕಾಗಿ ಬಂದರೆ ರಿವರ್ಸ್ ದೀಪದ ಬಿಳಿ ಬೆಳಕು ಎಲ್ಲರ ಕಣ್ಣನ್ನೂ ಹಾಳು ಮಾಡುತ್ತದೆ. ಒಳಗಿನ ದೀಪದ ಸ್ವಿಚ್ಚು ಆಫ್ ಇರಲಿ. ರಿಮೋಟ್ ಬೀಗ ಒತ್ತಿದಾಗ ಇಂಡಿಕೇಟರುಗಳು ಮಿನುಗುತ್ತವೆ ಎಂಬುದು ಮರೆತುಹೋಗುವ ವಿಷಯ. ಬೇಕಾದ್ದನ್ನೆಲ್ಲ ಮೊದಲೇ ಹೊರಗೆ ತೆಗೆದಿಡಿ.

ನಂತರ ಕಾಯಿರಿ. ಕಣ್ಣು ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು, ಇನ್ನೂ ಸ್ವಲ್ಪ ಹೆಚ್ಚು ಕಾದರೆ ಇನ್ನೂ ಒಳ್ಳೆಯದು. ಮಂದ ಬೆಳಕನ್ನು ಗ್ರಹಿಸುವ ಸರಳುಕೋಶಗಳು ನಿಧಾನವಾಗಿ ಚುರುಕಾಗುತ್ತವೆ, ಫೋನಿನ ಪರದೆಯನ್ನು ಒಮ್ಮೆ ನೋಡಿದರೆ ಅಷ್ಟೂ ಕಾಯುವಿಕೆ ನೀರುಪಾಲು. ಕೆಂಪು ಬೆಳಕು ಆ ಕೋಶಗಳನ್ನು ಕಡಿಮೆ ಕೆಣಕುತ್ತದೆ, ಅದೂ ಮಂದವಾಗಿದ್ದರೆ ಮಾತ್ರ. ಪ್ರಖರವಾದ ಕೆಂಪು ಹೆಡ್‌ಲ್ಯಾಂಪ್ ಹಣೆಗೆ ಕಟ್ಟಿಕೊಂಡು ಎದುರಿನವರ ಮುಖ ನೋಡಿ ಮಾತಾಡುವ ಉತ್ಸಾಹಿಗಳಿಂದ ದೂರ ಕೂರಿ.

ಕಣ್ಣು ಒಗ್ಗಿದ ಮೇಲೆ ಬಿಳಿ ಹಾಳೆಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಕೈ ಹಿಡಿಯಿರಿ. ಕೈಯ ನೆರಳು ಒಂದು ಕಡೆಗೆ ಬೀಳುತ್ತಿದ್ದರೆ ಅದರ ಎದುರು ದಿಕ್ಕಿನಲ್ಲಿ ನಿಮಗೆ ಗೊತ್ತಿಲ್ಲದ ಬೆಳಕೊಂದಿದೆ. ಅದಕ್ಕೆ ಮರೆ ಹುಡುಕಿ.

ಈಗ ಆಕಾಶದ ಅಳತೆ. ನಕ್ಷತ್ರಗಳ ಹೊಳಪನ್ನು ಕಾಂತಿಮಾನದಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂದ. ಉತ್ತರದವರಿಗೆ ಧ್ರುವ ನಕ್ಷತ್ರ ಇರುವ ಲಘು ಸಪ್ತರ್ಷಿ ಮಂಡಲದ ಚೌಕ ಹೇಳಿ ಮಾಡಿಸಿದ ಅಳತೆಗೋಲು. ಅದರ ನಾಲ್ಕು ಮೂಲೆಗಳ ನಕ್ಷತ್ರಗಳು ಹೆಚ್ಚುಕಡಿಮೆ 2, 3, 4, 5ನೇ ಕಾಂತಿಮಾನದವು. ಎರಡೇ ಕಂಡರೆ ನೀವಿನ್ನೂ ಊರಿನ ಬೆಳಕಿನೊಳಗೇ ಇದ್ದೀರಿ. ನಾಲ್ಕೂ ಸಲೀಸಾಗಿ ಕಂಡರೆ ಜಾಗ ಉಳಿಸಿಕೊಳ್ಳುವಂಥದ್ದು. ಭೂಮಧ್ಯರೇಖೆಗೆ ಹತ್ತಿರದವರಿಗೆ ಆ ಮಂಡಲ ದಿಗಂತಕ್ಕೆ ತಾಗಿ ಮಸುಕಾಗಿರುತ್ತದೆ. ಅವರು ಕೃತ್ತಿಕೆಯನ್ನು ಎಣಿಸಲಿ: ಆರು ನಕ್ಷತ್ರ ಬಿಡಿಬಿಡಿಯಾಗಿ ಕಂಡರೆ 4.3ರವರೆಗೆ ತಲುಪಿದ್ದೀರಿ, ಅದಕ್ಕೂ ಹೆಚ್ಚು ಕಂಡರೆ ಆಕಾಶವೂ ಕಣ್ಣೂ ಎರಡೂ ಚೆನ್ನಾಗಿವೆ.

ಆಂಡ್ರೊಮೆಡಾ ಗ್ಯಾಲಕ್ಸಿ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದ್ದರೂ ಅದರ ಕಾಂತಿಮಾನ 3.4. ಸಣ್ಣ ಊರಿನ ಹೊರಗೆ ಅದು ಬರಿಗಣ್ಣಿಗೆ ಮಸುಕು ಮಚ್ಚೆಯಾಗಿ ಕಾಣಲೇಬೇಕು. ಹತ್ತಿರದ ತ್ರಿಕೋಣ ರಾಶಿಯಲ್ಲಿರುವ ಎಂ33 ಗ್ಯಾಲಕ್ಸಿ ಕಠಿಣ ಪರೀಕ್ಷೆ. 5.7ರ ಕಾಂತಿಮಾನ, ಅದೂ ಅಗಲಕ್ಕೆ ಹರಡಿದ ಬೆಳಕು. ಅದನ್ನು ನೇರವಾಗಿ ನೋಡದೆ ಸ್ವಲ್ಪ ಪಕ್ಕಕ್ಕೆ ಕಣ್ಣು ನೆಟ್ಟು ಓರೆನೋಟದಲ್ಲಿ ಹಿಡಿಯಬೇಕು. ಸುಲಭವಾಗಿ ಸಿಕ್ಕರೆ ಬಾರ್ಟಲ್ 3ರ ಆಕಾಶ ನಿಮ್ಮದು. ಕ್ಷೀರಪಥ ಕಂಡಿತೇ ಎಂದು ಬರೆದುಕೊಂಡರೆ ಸಾಲದು. ರಾಜಹಂಸ ಮಂಡಲದಿಂದ ಕೆಳಕ್ಕೆ ಅದನ್ನು ಎರಡಾಗಿ ಸೀಳಿದ ಕಪ್ಪು ಪಟ್ಟಿ ಸ್ಪಷ್ಟವಾಗಿದೆಯೇ, ದಿಗಂತದಿಂದ ಎಷ್ಟು ಮುಷ್ಟಿ ಎತ್ತರದಲ್ಲಿ ಕ್ಷೀರಪಥ ಕರಗಿಹೋಗುತ್ತದೆ ಎಂದು ಬರೆಯಿರಿ. ಎರಡು ಜಾಗಗಳನ್ನು ಹೋಲಿಸುವಾಗ ಈ ಮುಷ್ಟಿಗಳ ಲೆಕ್ಕವೇ ಕೈಹಿಡಿಯುವುದು.

8. ಎರಡು ಜಾಗ ಇಟ್ಟುಕೊಳ್ಳಿ

ಎಲ್ಲ ಪರೀಕ್ಷೆ ಮುಗಿದ ಮೇಲೆ ಪಟ್ಟಿಯಲ್ಲಿ ಎರಡು ಜಾಗ ಉಳಿಸಿಕೊಳ್ಳಿ. ಒಂದು, ಮನೆಯಿಂದ ಹತ್ತು ಹದಿನೈದು ನಿಮಿಷದಲ್ಲಿ ತಲುಪುವಂಥದ್ದು. ಆಕಾಶ ಸುಮಾರಾಗಿದ್ದರೂ ಸರಿ, ಒಂಟಿ ದೀಪಗಳ ಕಾಟ ಇರಬಾರದು. ಮೋಡ ಸರಿದ ಅರ್ಧ ಗಂಟೆಯನ್ನೂ ಬಳಸಿಕೊಳ್ಳಲಾಗುವುದು ಇಂಥ ಜಾಗದಲ್ಲೇ, ಮಂಡಲಗಳ ಗುರುತು ಹತ್ತುವುದೂ ಇಲ್ಲೇ. ಇನ್ನೊಂದು, ಕತ್ತಲೆಗಾಗಿಯೇ ಹೋಗುವ ದೂರದ ಜಾಗ, ಉಲ್ಕಾಪಾತಕ್ಕೆ, ಕ್ಷೀರಪಥಕ್ಕೆ. ಒಂದನ್ನೇ ಆರಿಸಿ ಎಂದರೆ ನಾನು ಹತ್ತಿರದ್ದನ್ನು ಆರಿಸುತ್ತೇನೆ. ಬಾರ್ಟಲ್ 4ರ ಕೆಳಗೆ ವಾರಕ್ಕೆರಡು ರಾತ್ರಿ ಕಳೆದವರು ಬಾರ್ಟಲ್ 2ರ ಕೆಳಗೆ ವರ್ಷಕ್ಕೊಮ್ಮೆ ನಿಂತವರಿಗಿಂತ ಹೆಚ್ಚು ನೋಡಿರುತ್ತಾರೆ.

ಜಾಗ ಸಿಕ್ಕಿತೆಂದು ನಿಶ್ಚಿಂತರಾಗುವಂತಿಲ್ಲ. 'ಗ್ಲೋಬ್ ಅಟ್ ನೈಟ್' ಎಂಬ ಯೋಜನೆಗೆ ಜಗತ್ತಿನ ಹಲವೆಡೆಯ ಜನ ತಮ್ಮ ಕಣ್ಣಿಗೆ ಎಷ್ಟು ಮಂದ ನಕ್ಷತ್ರ ಕಾಣುತ್ತದೆ ಎಂದು ವರದಿ ಕಳಿಸುತ್ತಾರೆ. 2011ರಿಂದ 2022ರವರೆಗಿನ 51,000ಕ್ಕೂ ಹೆಚ್ಚು ವರದಿಗಳನ್ನು ಲೆಕ್ಕ ಹಾಕಿದಾಗ ಆಕಾಶದ ಬೆಳಕು ವರ್ಷಕ್ಕೆ ಸರಾಸರಿ ನೂರಕ್ಕೆ 9.6ರಷ್ಟು ಹೆಚ್ಚುತ್ತಿರುವುದು ಕಂಡುಬಂತು. ಆ ವೇಗದಲ್ಲಿ ಎಂಟು ವರ್ಷದೊಳಗೆ ಎರಡರಷ್ಟು. ವರದಿಗಳಲ್ಲಿ ಬಹುಪಾಲು ಯುರೋಪ್ ಮತ್ತು ಉತ್ತರ ಅಮೆರಿಕದವು. ಹಳ್ಳಿಗಾಡಿನ ಸಣ್ಣ ಊರುಗಳಿಂದ ಬರುವ ವರದಿಗೆ ಹಾಗಾಗಿ ಬೆಲೆ ಹೆಚ್ಚು, ನಿಮ್ಮ ನೋಟ್‌ಬುಕ್ಕಿನ ಅಂಕಿಯನ್ನು ಅವರಿಗೂ ಕಳಿಸಿ.

ವರ್ಷಕ್ಕೊಮ್ಮೆ, ಅದೇ ತಿಂಗಳು, ಅದೇ ಹೊತ್ತಿಗೆ ಪರೀಕ್ಷೆಯನ್ನು ಮತ್ತೆ ಮಾಡಿ ಹಳೆಯ ಅಂಕಿಯ ಪಕ್ಕ ಬರೆದಿಡಿ. ಹೊಸ ದೀಪ ಬಂದಿದ್ದರೆ ಅದರ ಯಜಮಾನರೊಂದಿಗೆ ಮಾತಾಡುವಾಗ ಆರಿಸಿ ಎಂದು ಕೇಳುವುದಕ್ಕಿಂತ, ಮೇಲೊಂದು ಮುಚ್ಚಳ ಹಾಕಿ ಬೆಳಕು ನೆಲಕ್ಕೇ ಬೀಳುವಂತೆ ಬಾಗಿಸಿ ಎಂದು ಕೇಳುವುದು ಒಳ್ಳೆಯದು. ಅವರ ಅಂಗಳಕ್ಕೂ ಹೆಚ್ಚು ಬೆಳಕು ಸಿಗುತ್ತದೆ, ಬಿಲ್ಲೂ ಏರುವುದಿಲ್ಲ. ಅದಕ್ಕೂ ಒಪ್ಪದಿದ್ದರೆ ದಿಣ್ಣೆಯ ಇನ್ನೊಂದು ಮಗ್ಗುಲಿಗೆ ಸರಿದು, ಅಲ್ಲಿ ಐದನೇ ಹೆಜ್ಜೆಯಿಂದ ಮತ್ತೆ ಶುರು ಮಾಡಿ.